ಕೆಲಸ ಕೇಳುವವರು, ಕೆಲಸ ಕೊಡುವವರು

ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ, ತಲೆಯ ಮೇಲೊಂದು ಸೂರು, ಇವು ಮೂರೂ ದುಡಿಮೆಯಿಂದ ಬರತಕ್ಕವು. ದುಡಿಯುವ ಕೈಗಳಿದ್ದರೆ ಸಾಲದು. ಆ ಕೈಗಳಿಗೆ ಕೆಲಸ ಬೇಕು. ಕೆಲಸವಿದ್ದರೂ ಸಾಲದು, ಅದನ್ನು ಮಾಡಬಲ್ಲ ಕೈಗಳು ಬೇಕು. ಹೀಗೆ ಕೆಲಸ ಕೇಳುವವರೂ ಕೆಲಸ ಕೊಡುವವರೂ ಒಬ್ಬರನ್ನೊಬ್ಬರು ಹುಡುಕುತ್ತಲೇ ಇರುತ್ತಾರೆ. ಆದರೂ ಇಬ್ಬರೂ ಎದುರುಬದುರಾದಾಗ ಒಬ್ಬನು ವರ ಕೊಡುವ ದೇವರಂತೆಯೂ ಇನ್ನೊಬ್ಬನು ವರ ಬೇಡುವ ಭಕ್ತನಂತೆಯೂ ನಡೆದುಕೊಳ್ಳುವುದನ್ನು ನಾವು ಎಲ್ಲೆಲ್ಲೂ ಕಾಣುತ್ತೇವೆ.

ಹತ್ತನೆಯ ತರಗತಿಯ ಫಲಿತಾಂಶ ಬಂದ ಒಂದೆರಡು ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳು ನಡತೆಯ ಪ್ರಮಾಣಪತ್ರಕ್ಕಾಗಿ ಶಾಲೆಗೆ ಬರುತ್ತಾರೆ. “ಎಲ್ಲಿಗಪ್ಪಾ ಕೆಲಸಕ್ಕೆ?” ಎಂದರೆ ಊರಿನ ಹೆಸರು ಹೇಳುತ್ತಾರೆ. “ಸಂಬಳವೆಷ್ಟು? ದಿನಕ್ಕೆ ಎಷ್ಟು ಗಂಟೆ?” ಎಂದರೆ, “ಕೇಳಲಿಲ್ಲ ಸಾರ್, ಕೇಳಿದರೆ ಏನಂದುಕೊಳ್ಳುತ್ತಾರೋ” ಎನ್ನುತ್ತಾರೆ. ಅತ್ತ ಮಾಲೀಕರನ್ನು ಕಂಡರೆ, “ನಿಮ್ಮ ಹುಡುಗರು ಒಳ್ಳೆಯವರೇ, ಆದರೆ ಹಬ್ಬಕ್ಕೆಂದು ಊರಿಗೆ ಹೋದವರು ಎಂದು ಬರುತ್ತಾರೋ ಹೇಳುವುದಿಲ್ಲ” ಎನ್ನುತ್ತಾರೆ. ಇಬ್ಬರ ದೂರಿಗೂ ಮೂಲ ಒಂದೇ. ಕೆಲಸಕ್ಕೆ ಸೇರುವ ದಿನ ಇಬ್ಬರೂ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಆದ್ದರಿಂದ ಕೆಲಸ ಕೊಡುವವರು ಏನನ್ನು ನಿರೀಕ್ಷಿಸುತ್ತಾರೆ, ಕೇಳುವವರು ಏನನ್ನು ನಿರೀಕ್ಷಿಸಬಹುದು, ಇವನ್ನು ಮೊದಲೇ ತಿಳಿದಿರುವುದು ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಅಗತ್ಯವೆಂದು ನಾವು ಭಾವಿಸಿದ್ದೇವೆ.

ಮನೆಯ ಮಗ್ಗದಿಂದ ಊರಾಚೆಯ ಕಾರ್ಖಾನೆಗೆ

ನಂಗವಳ್ಳಿ, ವನವಾಸಿ, ಜಲಕಂಡಾಪುರ, ತಾರಮಂಗಲ ಸೀಮೆಯ ನಮ್ಮ ಹಿರಿಯರಿಗೆ ‘ನೇಮಕಾತಿ’ ಎಂಬ ಮಾತೇ ಬೇಕಾಗಿರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ಮಗು ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ, ನೂಲು ಸುತ್ತುತ್ತಲೇ ಬೆಳೆದು, ಒಂದು ದಿನ ಅಪ್ಪನ ಜಾಗದಲ್ಲಿ ಮಗ್ಗದ ಗುಂಡಿಗೆ ಇಳಿಯುತ್ತಿತ್ತು. ಒಕ್ಕಲು ಮನೆಯ ಮಗ ನೇಗಿಲ ಹಿಂದೆ ನಡೆದೇ ಬೇಸಾಯ ಕಲಿಯುತ್ತಿದ್ದ. ಅಲ್ಲಿ ಅರ್ಜಿಯಿಲ್ಲ, ಸಂದರ್ಶನವಿಲ್ಲ. ಕೆಲಸ ಕಲಿಸುವವನೂ ಕೊಡುವವನೂ ಪರೀಕ್ಷಿಸುವವನೂ ತಂದೆಯೇ.

ಕಾಲ ಬದಲಾಯಿತು. 1925ರಲ್ಲಿ ಆರಂಭವಾದ ಮೆಟ್ಟೂರು ಅಣೆಕಟ್ಟಿನ ಕೆಲಸ 1934ರಲ್ಲಿ ಮುಗಿಯಿತು. ನೀರಿನ ಬೆನ್ನಿಗೆ ವಿದ್ಯುತ್ತು, ವಿದ್ಯುತ್ತಿನ ಬೆನ್ನಿಗೆ ಕಾರ್ಖಾನೆಗಳು ಬಂದವು. 1965ರಲ್ಲಿ ಮೆಟ್ಟೂರಿನಲ್ಲಿ ಅಲ್ಯುಮಿನಿಯಂ ಕಾರ್ಖಾನೆ ಕೆಲಸ ಆರಂಭಿಸಿತು. 1980ರ ದಶಕದ ಆರಂಭದಲ್ಲಿ ಸೇಲಂ ಉಕ್ಕಿನ ಕಾರ್ಖಾನೆ, 1987ರಲ್ಲಿ ಮೆಟ್ಟೂರಿನ ಶಾಖ ವಿದ್ಯುತ್ ಕೇಂದ್ರ ಬಂದವು. ಅದೇ ಕಾಲದಲ್ಲಿ ಹೊಸೂರು ಕಾರ್ಖಾನೆಗಳ ಪಟ್ಟಣವಾಯಿತು. ನಮ್ಮ ಊರುಗಳಲ್ಲೇ ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ ಮಗ್ಗ ಕುಳಿತಿತು.

ಹೀಗೆ ಗುರುತಿಲ್ಲದವನ ಬಳಿ ಗುರುತಿಲ್ಲದವನು ಕೆಲಸ ಕೇಳುವ ಕಾಲ ಬಂದಿತು. ತಂದೆಗೆ ಮಗನ ಗುಣ ಗೊತ್ತು. ಕಾರ್ಖಾನೆಯ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಆ ಗುರುತಿನ ಕೊರತೆಯನ್ನು ತುಂಬುವುದಕ್ಕೆಂದೇ ಅರ್ಜಿ, ಅಂಕಪಟ್ಟಿ, ಸಂದರ್ಶನ, ನೇಮಕಾತಿ ಪತ್ರಗಳು ಹುಟ್ಟಿಕೊಂಡವು. ಇವನ್ನು ಬರಿಯ ಶಾಸ್ತ್ರವೆಂದು ತಿಳಿಯಬಾರದು. ಇವು ಇಬ್ಬರು ಅಪರಿಚಿತರ ನಡುವಿನ ನಂಬಿಕೆಯ ಸೇತುವೆಗಳು.

ಕೆಲಸ ಕೊಡುವವರ ಮನಸ್ಸಿನಲ್ಲಿ

ಮಾಲೀಕನು ಮೊದಲು ನೋಡುವುದು ಅಂಕಗಳನ್ನು ಎಂದು ಅನೇಕ ಮಕ್ಕಳು ತಿಳಿದಿದ್ದಾರೆ. ಅಂಕಗಳು ಬಾಗಿಲ ತನಕ ಕರೆದೊಯ್ಯುತ್ತವೆ, ನಿಜ. ಬಾಗಿಲ ಒಳಗೆ ಅವನು ಹುಡುಕುವುದು ಬೇರೆ ಗುಣಗಳನ್ನು.

ಮೊದಲನೆಯದು ನೆಚ್ಚಿಕೆ. ‘ಈ ಹುಡುಗ ನಾಳೆ ಬರುತ್ತಾನೆಯೇ?’ ಎಂಬುದೇ ಅವನ ದೊಡ್ಡ ಪ್ರಶ್ನೆ. ವಿದ್ಯುತ್ ಮಗ್ಗದ ಕೊಟ್ಟಿಗೆಯನ್ನೇ ನೋಡಿ. ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಾನೆ. ಅವನು ಹೇಳದೆ ಕೇಳದೆ ನಿಂತರೆ ಅಷ್ಟೂ ಮಗ್ಗಗಳು ನಿಲ್ಲುತ್ತವೆ. ನೂಲಿಗೆ ಹಾಕಿದ ಹಣ ಹಾಗೆಯೇ ಕೂರುತ್ತದೆ. ಬಟ್ಟೆ ಕೊಳ್ಳುವ ವ್ಯಾಪಾರಿಗೆ ಕೊಟ್ಟ ಮಾತು ತಪ್ಪುತ್ತದೆ. ಜ್ವರ ಬಂದು ರಜೆ ಹಾಕುವುದು ತಪ್ಪಲ್ಲ. ತಿಳಿಸದೆ ಇರುವುದು ತಪ್ಪು. ಶಾಲೆಗೆ ರಜೆಚೀಟಿ ಕೊಟ್ಟು ಹೋಗುವ ಅಭ್ಯಾಸವನ್ನು ನಾವು ಒತ್ತಾಯಿಸುವುದು ಈ ಕಾರಣಕ್ಕಾಗಿಯೇ.

ಎರಡನೆಯದು ಸತ್ಯ. ಬಾರದ ಯಂತ್ರವನ್ನು ಬರುತ್ತದೆಂದು, ಓದದ ಓದನ್ನು ಓದಿದೆನೆಂದು ಅರ್ಜಿಯಲ್ಲಿ ಬರೆದವನು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾನೆ. “ಇದು ನನಗೆ ಬರುವುದಿಲ್ಲ, ತೋರಿಸಿಕೊಟ್ಟರೆ ಕಲಿಯುತ್ತೇನೆ” ಎಂಬ ಮಾತಿಗೆ ಬೆಲೆ ಹೆಚ್ಚು. ಹದಿನೆಂಟು ವರ್ಷದ ಹುಡುಗನಿಗೆ ಎಲ್ಲವೂ ಬರುತ್ತದೆಂದು ಯಾವ ಮಾಲೀಕನೂ ಎಣಿಸುವುದಿಲ್ಲ.

ಮೂರನೆಯದು ಕಲಿಯುವ ಮನಸ್ಸು. ಇದಕ್ಕೆ ಹೊಸೂರಿನದೇ ಒಳ್ಳೆಯ ನಿದರ್ಶನವಿದೆ. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಕೈಗಡಿಯಾರ ಕಂಪನಿಯನ್ನು ಸ್ಥಾಪಿಸಿದವು. ಅದರ ಕಾರ್ಖಾನೆ ಎದ್ದುದು ಆಗ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಹೊಸೂರಿನಲ್ಲಿ. ಗಡಿಯಾರ ಜೋಡಿಸುವ ಕೆಲಸ ಬಲ್ಲವರು ಆ ಸೀಮೆಯಲ್ಲಿ ಎಲ್ಲಿದ್ದರು? ಆದ್ದರಿಂದ ಕಂಪನಿಯವರು ಅನುಭವಸ್ಥರನ್ನು ಕಾಯದೆ, ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಶಾಲೆಯ ಓದು ಮುಗಿಸಿದ ಎಳೆಯರನ್ನು ಆರಿಸಿಕೊಂಡು ತರಬೇತು ಕೊಟ್ಟರು. ನೋಡಿದ್ದು ಬೆರಳಿನ ಚುರುಕು, ಕಣ್ಣಿನ ನಿಗಾ, ಕುಳಿತು ಕಲಿಯುವ ತಾಳ್ಮೆ. ಅಂಗವಿಕಲರಿಗೂ ಅಲ್ಲಿ ಕೆಲಸ ದೊರೆಯಿತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮನೆ ಬಿಟ್ಟು ಬಂದ ಎಳೆಯರನ್ನು ನೋಡಿಕೊಳ್ಳಲು ಪೋಷಕರಂತೆ ಹಿರಿಯರನ್ನು ಜೊತೆಗಿಟ್ಟು ವಸತಿ ಏರ್ಪಡಿಸಿದರು. ಹೆತ್ತವರು ಏನನ್ನು ನಿರೀಕ್ಷಿಸುತ್ತಾರೆಂದು ಕೆಲಸ ಕೊಡುವವರು ಊಹಿಸಿ ನಡೆದುಕೊಂಡ ರೀತಿ ಇದು. ಎರಡೂ ಕಡೆಯ ನಿರೀಕ್ಷೆ ಕೂಡಿದಲ್ಲಿ ನೇಮಕಾತಿ ಫಲ ಕೊಡುತ್ತದೆ.

ಹೆಸರು ಒಂದು, ಕಾಗದ ಹಲವು

ಅರ್ಜಿಯ ವಿಷಯದಲ್ಲಿ ನಮ್ಮ ಮಕ್ಕಳಿಗೇ ವಿಶೇಷವಾದ ತೊಡಕೊಂದುಂಟು. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಇವುಗಳಿಗೆ ಒಂದೊಂದೇ ಅಕ್ಷರ. ಮನೆಯಲ್ಲಿ ‘ಗಂಗಪ್ಪ’ನಾದವನು ಪಡಿತರ ಚೀಟಿಯ ತಮಿಳಿನಿಂದ ಇಂಗ್ಲಿಷಿಗೆ ಹೋಗುವಾಗ ‘ಕಂಗಪ್ಪ’ನಾಗುತ್ತಾನೆ, ‘ದೇವಣ್ಣ’ ‘ತೇವಣ್ಣ’ನಾಗುತ್ತಾನೆ, ‘ಬಸಮ್ಮ’ ‘ಪಸಮ್ಮ’ಳಾಗುತ್ತಾಳೆ. ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ.

ಕೆಲಸ ಕೊಡುವವನಿಗೆ ಇವರು ಮೂರು ಜನ ಬೇರೆ ಬೇರೆಯವರು. ಅವನು ಅನುಮಾನಪಟ್ಟರೆ ಅವನ ತಪ್ಪೆನ್ನಲಾಗದು. ಮುಂದೆ ಭವಿಷ್ಯನಿಧಿಯ ಹಣ ಬಿಡಿಸಿಕೊಳ್ಳುವಾಗಲೂ ಈ ಒಂದಕ್ಷರ ತಿಂಗಳುಗಟ್ಟಲೆ ಅಲೆಸುತ್ತದೆ. ಹೆಸರಿಗೂ ಹುಟ್ಟಿದ ದಿನಕ್ಕೂ ಹತ್ತನೆಯ ತರಗತಿಯ ಪ್ರಮಾಣಪತ್ರವೇ ಎಲ್ಲೆಲ್ಲಿಯೂ ಆಧಾರ. ಅದು ಅಚ್ಚಾಗುವ ಮೊದಲೇ, ಅಂದರೆ ಒಂಬತ್ತನೆಯ ತರಗತಿಯಲ್ಲೇ, ಮಗುವಿನ ಎಲ್ಲ ಕಾಗದಗಳನ್ನೂ ಒಂದು ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕೆಂದು ತಂದೆತಾಯಿಗಳನ್ನು ಬೇಡಿಕೊಳ್ಳುತ್ತೇವೆ. ವ್ಯತ್ಯಾಸ ಕಂಡರೆ ಶಾಲೆಗೆ ಬನ್ನಿ. ತಿದ್ದಿಸುವ ದಾರಿಯನ್ನು ನಾವು ತೋರಿಸುತ್ತೇವೆ.

ಸಂದರ್ಶನದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಒಗೆದ ಬಟ್ಟೆ, ಬಾಚಿದ ತಲೆ, ಹತ್ತು ನಿಮಿಷ ಮುಂಚಿತವಾಗಿ ಹಾಜರಿ, ಕೇಳಿದ್ದಕ್ಕೆ ನೇರವಾದ ಉತ್ತರ, ಇಷ್ಟಿದ್ದರೆ ಸಾಕು. ಆ ಕಂಪನಿ ಏನು ತಯಾರಿಸುತ್ತದೆ ಎಂಬುದನ್ನು ತಿಳಿದು ಹೋಗಿ. ಇಂಗ್ಲಿಷು ಬಾರದಿದ್ದರೆ ತಮಿಳಿನಲ್ಲಿ ಹೇಳಿ. ಭಾಷೆ ತಡವರಿಸಬಹುದು, ವಿಷಯ ತಡವರಿಸಬಾರದು.

ಕೆಲಸ ಕೇಳುವವರ ಮನಸ್ಸಿನಲ್ಲಿ

ಇನ್ನು ತಕ್ಕಡಿಯ ಮತ್ತೊಂದು ತಟ್ಟೆಯನ್ನು ನೋಡೋಣ. ಕೆಲಸ ಕೇಳುವುದು ಭಿಕ್ಷೆಯಲ್ಲ. ಕೊಡುವುದು ದಾನವೂ ಅಲ್ಲ. ನಾವು ನಮ್ಮ ದಿನದ ಅತ್ಯುತ್ತಮವಾದ ಗಂಟೆಗಳನ್ನು ಕೊಡುತ್ತೇವೆ. ಅವನು ಕೂಲಿ ಕೊಡುತ್ತಾನೆ. ಸಂತೆಯಲ್ಲಿ ಒಂದು ಹೋರಿ ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಗನನ್ನೋ ಮಗಳನ್ನೋ ವರ್ಷಗಟ್ಟಲೆ ಒಂದು ಕಡೆ ಕೆಲಸಕ್ಕೆ ಬಿಡುವಾಗ ಏನನ್ನೂ ಕೇಳದೆ ಬರುವುದು ಯಾವ ಜಾಣತನ?

ವಿನಯದಿಂದ ಕೇಳಿದರೆ ಯಾವ ಒಳ್ಳೆಯ ಮಾಲೀಕನೂ ಸಿಟ್ಟಾಗುವುದಿಲ್ಲ. ಕೇಳಬೇಕಾದವು ಇಷ್ಟು: ಕೈಗೆ ಬರುವ ಸಂಬಳವೆಷ್ಟು, ಎಂದು ಬರುತ್ತದೆ, ಯಾವುದಕ್ಕೆ ಹಿಡಿಯುತ್ತಾರೆ? ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಎಂದು, ರಾತ್ರಿ ಪಾಳಿ ಉಂಟೇ? ತರಬೇತಿ ಎಷ್ಟು ತಿಂಗಳು, ಅದು ಮುಗಿದ ಮೇಲೆ ಏನು? ನೇಮಿಸಿಕೊಳ್ಳುವವರು ಕಂಪನಿಯವರೇ, ಗುತ್ತಿಗೆದಾರರೇ? ಭವಿಷ್ಯನಿಧಿ, ಇ.ಎಸ್.ಐ. ಉಂಟೇ? ಇವೆಲ್ಲವನ್ನೂ ಬರೆದ ಕಾಗದ ಕೊಡುವಿರಾ?

ಇವುಗಳ ಹಿಂದೆ ಕಾನೂನಿನ ಬಲವೂ ಇದೆ. 1948ರ ಕಾರ್ಖಾನೆ ಕಾನೂನಿನ ಕಾಲದಿಂದಲೂ ವಾರಕ್ಕೆ 48 ಗಂಟೆಯ ಮಿತಿಯಿದೆ. ಮೀರಿ ದುಡಿಸಿದರೆ ಆ ಗಂಟೆಗಳಿಗೆ ಇಮ್ಮಡಿ ಕೂಲಿ ಸಲ್ಲಬೇಕು. 20 ಅಥವಾ ಹೆಚ್ಚು ಜನ ದುಡಿಯುವ ಕಡೆ ಭವಿಷ್ಯನಿಧಿ ಕಡ್ಡಾಯ. ಮೂಲ ಸಂಬಳ ಮತ್ತು ತುಟ್ಟಿಭತ್ಯದಿಂದ ನೂರಕ್ಕೆ 12ರಷ್ಟು ನಮ್ಮದು ಹೋದರೆ, ಮಾಲೀಕನೂ ಅಷ್ಟನ್ನೇ ಸೇರಿಸಬೇಕು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳವಿರುವವರಿಗೆ ಇ.ಎಸ್.ಐ. ಚಿಕಿತ್ಸೆಯ ಸೌಲಭ್ಯ ಉಂಟು. ಅದಕ್ಕೆ ಕೆಲಸಗಾರನಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕೆಂದು ವಿಧಿಸಿವೆ. ಆದ್ದರಿಂದ “ಕಾಗದ ಕೊಡಿ, ಐಯಾ” ಎಂದು ಕೇಳುವುದು ಉದ್ಧಟತನವಲ್ಲ.

ಕಾಗದಕ್ಕೆ ಇನ್ನೊಂದು ಬೆಲೆಯೂ ಇದೆ. ಯಾವ ಕಾರ್ಖಾನೆಯೂ ಶಾಶ್ವತವಲ್ಲ. ಮೆಟ್ಟೂರಿನ ಅಲ್ಯುಮಿನಿಯಂ ಕುಲುಮೆಗಳು ನಾಲ್ಕು ದಶಕಗಳ ಮೇಲೆ ಉರಿದು 2008ರಲ್ಲಿ ಆರಿದವು. ಅಂಥ ದಿನ ಬಂದಾಗ ಕೆಲಸಗಾರನ ಜೊತೆ ಹೊರಗೆ ಬರುವುದು ಎರಡೇ: ಕೈಯಲ್ಲಿರುವ ಕಸುಬು ಮತ್ತು ಇಷ್ಟು ವರ್ಷ ಅದನ್ನು ಮಾಡಿದನೆಂಬ ಕಾಗದ.

ಮುಂಗಡದ ಮಾತು

ನಮ್ಮ ಸೀಮೆಯಲ್ಲಿ ಕೆಲಸಕ್ಕೆ ಸೇರುವುದೆಂದರೆ ಎಷ್ಟೋ ಸಲ ಅರ್ಜಿಯೂ ಅಲ್ಲ, ಸಂದರ್ಶನವೂ ಅಲ್ಲ, ಮುಂಗಡ. ಪಳ್ಳಿಪಾಳಯ, ಕುಮಾರಪಾಳಯಗಳ ವಿದ್ಯುತ್ ಮಗ್ಗಗಳಲ್ಲಿ ಇದನ್ನು ‘ಬಾಕಿ’ ಎಂದೇ ಕರೆಯುವುದುಂಟು. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಏಕೆಂದರೆ ಇಲ್ಲಿ ಇಬ್ಬರ ನಿರೀಕ್ಷೆಯೂ ಅರ್ಥವಾಗುವಂಥದೇ, ಆದರೂ ಫಲ ಕಹಿ.

ಮಗ್ಗದ ಮಾಲೀಕನಿಗೆ ಕೈ ತೇರಿದ ಕೆಲಸಗಾರ ಬೇಕು, ಮತ್ತು ಅವನು ಬಿಟ್ಟುಹೋಗಬಾರದು. ಕೆಲಸಗಾರನಿಗೆ ತಂಗಿಯ ಮದುವೆಯೋ ತಾಯಿಯ ಆಸ್ಪತ್ರೆಯೋ ಎದುರಿಗಿದೆ. ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ. ಮೊದಲಾಳಿ ಒಂದು ಮೊತ್ತವನ್ನು ಮುಂಗಡವಾಗಿ ಕೊಡುತ್ತಾನೆ. ಇವನು ಕೈಮುಗಿದು ತೆಗೆದುಕೊಳ್ಳುತ್ತಾನೆ. ಆ ದಿನ ಇಬ್ಬರಿಗೂ ಸಂತೋಷ. ತೊಂದರೆ ಕಾಣುವುದು ಆಮೇಲೆ. ಕೂಲಿಯಲ್ಲಿ ಹಿಡಿದರೆ ಮನೆ ನಡೆಯುವುದಿಲ್ಲವೆಂದು ಬಾಕಿ ಹಾಗೆಯೇ ನಿಲ್ಲುತ್ತದೆ. ಹಬ್ಬಕ್ಕೆ ಇನ್ನಷ್ಟು ಸೇರುತ್ತದೆ. ಪಕ್ಕದ ಊರಿನಲ್ಲಿ ಹೆಚ್ಚು ಕೂಲಿ ಕೊಡುತ್ತಾರೆಂದು ತಿಳಿದರೂ ಹೋಗುವಂತಿಲ್ಲ. ಹೊಸ ಮಾಲೀಕನು ಬಾಕಿ ತೀರಿಸಿ ಕರೆದುಕೊಂಡರೆ ಸಾಲದ ಹೆಸರು ಬದಲಾಗುತ್ತದೆಯೇ ಹೊರತು ಸಾಲ ತೀರುವುದಿಲ್ಲ. ಅತ್ತ ಮಾಲೀಕನಿಗೂ ನೆಮ್ಮದಿಯಿಲ್ಲ. ಒಂದು ಬೆಳಿಗ್ಗೆ ಕೆಲಸಗಾರ ಮನೆಗೆ ಬೀಗ ಹಾಕಿ ಕಾಣದಾದರೆ ಅವನು ಕೊಟ್ಟ ಹಣ ಮುಳುಗುತ್ತದೆ. ನಂಬಿಕೆ ಇರಬೇಕಾದ ಜಾಗದಲ್ಲಿ ಸಾಲವನ್ನು ಕೂರಿಸಿದರೆ ಆಗುವುದು ಹೀಗೆಯೇ.

1976ರ ಜೀತಪದ್ಧತಿ ನಿರ್ಮೂಲನ ಕಾನೂನಿನ ಪ್ರಕಾರ, ಸಾಲ ಅಥವಾ ಮುಂಗಡದ ನೆಪದಲ್ಲಿ ಒಬ್ಬನನ್ನು ಬೇರೆ ಕಡೆ ದುಡಿಯದಂತೆ ಕಟ್ಟಿಹಾಕುವುದು ಅಪರಾಧ. 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಆದರೆ ಕೋರ್ಟಿನ ಮೆಟ್ಟಿಲು ದೂರ; ಮನೆಯ ಹೊಸ್ತಿಲು ಹತ್ತಿರ. ಮುಂಗಡ ತೆಗೆದುಕೊಳ್ಳುವ ಮುನ್ನವೇ ಅದನ್ನು ಯಾವ ತಿಂಗಳು ಎಷ್ಟು ಹಿಡಿಯುತ್ತಾರೆ, ಎಂದು ತೀರುತ್ತದೆ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಮುಂಗಡವನ್ನು ಮುಟ್ಟದಿರುವುದೇ ಲೇಸು. ಅದಕ್ಕಿಂತ ಮುಖ್ಯವಾದದ್ದು, ಅಪ್ಪನು ತೆಗೆದುಕೊಂಡ ಮುಂಗಡಕ್ಕೆ ಓದುವ ಮಗನನ್ನು ದುಡಿಯಲು ಕಳುಹಿಸಬಾರದು. 14 ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ, 18 ತುಂಬದವರನ್ನು ಅಪಾಯದ ಕೆಲಸಕ್ಕೂ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದೇ ಕಥೆ ಬೇರೆ ಹೆಸರಿನಿಂದ ಬಂದಿತು. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡುಕಲ್ಲು ಕಡೆಯ ಕೆಲವು ನೂಲಿನ ಗಿರಣಿಗಳು ‘ಸುಮಂಗಲಿ’ ಎಂಬ ಯೋಜನೆಯಡಿ ಹಳ್ಳಿಯ ಹುಡುಗಿಯರನ್ನು ಮೂರು ವರ್ಷಕ್ಕೆ ಸೇರಿಸಿಕೊಂಡವು. ಮೂರು ವರ್ಷ ಮುಗಿದಾಗ ಮದುವೆಗೆಂದು ಒಟ್ಟು ಹಣ ಕೊಡುವುದು ಒಪ್ಪಂದ. ಹೆಸರು ಮಂಗಳಕರವಾದದ್ದೇ, ಆದರೆ ಕಾಯಿಲೆ ಬಿದ್ದು ನಡುವೆ ಬಿಟ್ಟುಬಂದವರಿಗೆ ಆ ಹಣ ಸಿಗದೆ ಹೋದದ್ದುಂಟು. ಕೊನೆಯಲ್ಲಿ ಬರುವ ದೊಡ್ಡ ಮೊತ್ತವು ತಿಂಗಳು ತಿಂಗಳು ಬರಬೇಕಾಗಿದ್ದ ಕೂಲಿಯಲ್ಲೇ ಉಳಿಸಿಕೊಂಡದ್ದಲ್ಲವೇ ಎಂದು ಹೆತ್ತವರು ಕೇಳಬೇಕು. ಕೂಲಿ ತಿಂಗಳಿಗೊಮ್ಮೆ ಕೈಗೆ ಬರಬೇಕು. ಕೂಡಿಡುವ ಕೆಲಸ ನಮ್ಮದು, ಗಿರಣಿಯದಲ್ಲ.

ಕೊಡಬಾರದವು, ಕೇಳಬಾರದವು

ಕೆಲಸ ಕೊಡುವವರು ಎಲ್ಲವನ್ನೂ ಕೇಳುವಂತಿಲ್ಲ. ‘ಕೆಲಸ ಬೇಕಾದರೆ ಇಷ್ಟು ಕಟ್ಟು’ ಎಂದು ಹಣ ಕೇಳಿದರೆ, ಅಲ್ಲಿ ಕೆಲಸವಿಲ್ಲ, ಬಲೆ ಇದೆ ಎಂದು ತಿಳಿಯಿರಿ. ಪತ್ರಿಕೆಯ ಮೂಲೆಯ ಜಾಹೀರಾತಿನಲ್ಲಿ ಬರುತ್ತಿದ್ದ ಈ ಮೋಸ ಈಗ ಫೋನಿನ ಸಂದೇಶದಲ್ಲಿ ಬರುತ್ತಿದೆ, ಅಷ್ಟೇ. ಮೂಲ ಪ್ರಮಾಣಪತ್ರಗಳನ್ನು ತೋರಿಸಬೇಕು, ಪ್ರತಿಗಳನ್ನು ಕೊಡಬೇಕು, ಮೂಲವನ್ನು ಬಿಟ್ಟುಬರಬಾರದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಒಂದು ಕಂಪನಿಯಲ್ಲಿ ಅಂಕಪಟ್ಟಿ ಒಪ್ಪಿಸಿ, ಅದು ಕೈಗೆ ಬರುವ ಹೊತ್ತಿಗೆ ಐ.ಟಿ.ಐ. ಸೇರುವ ಗಡುವನ್ನು ಕಳೆದುಕೊಂಡ. ಒಂದು ಹಾಳೆಗಾಗಿ ಒಂದು ವರ್ಷ ಹೋಯಿತು.

ಹೆಣ್ಣುಮಕ್ಕಳಿಗೆ ‘ಮದುವೆಯಾಗಿದೆಯೇ, ಯಾವಾಗ ಆಗುತ್ತೀಯೆ’ ಎಂಬ ಪ್ರಶ್ನೆ ಈಗಲೂ ತಪ್ಪಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವುದರಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದು 1976ರಲ್ಲೇ ಕಾನೂನು ಬಂದಿತು. ಆದರೂ 2024ರಲ್ಲಿ, ಚೆನ್ನೈ ಬಳಿಯ ಶ್ರೀಪೆರುಂಬುದೂರಿನ ದೊಡ್ಡ ಫೋನ್ ಕಾರ್ಖಾನೆಯೊಂದರಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸದಿಂದ ದೂರವಿಡುತ್ತಿದ್ದಾರೆಂದು ವರದಿ ಬಂದು, ಕೇಂದ್ರ ಸರ್ಕಾರವು ರಾಜ್ಯದ ಕಾರ್ಮಿಕ ಇಲಾಖೆಯಿಂದ ವಿವರ ಕೇಳಿತು. ಹೊಸೂರಿನ ಸುತ್ತ ಇಂದು ಸಾವಿರಾರು ಹೆಣ್ಣುಮಕ್ಕಳು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಮಗಳನ್ನು ಕಳುಹಿಸುವ ಮುನ್ನ ಒಮ್ಮೆ ಹೋಗಿ ವಸತಿನಿಲಯವನ್ನು ಕಣ್ಣಾರೆ ನೋಡಿ, ಅಲ್ಲಿರುವ ಹುಡುಗಿಯರನ್ನು ಮಾತನಾಡಿಸಿ ಬರುವುದು ಒಳ್ಳೆಯದು. ನೋಡಗೊಡದ ಕಡೆ ಬಿಟ್ಟುಬರಬೇಡಿ.

ಸರ್ಕಾರಿ ನೇಮಕ ಮತ್ತು ನಮ್ಮ ಭಾಷೆ

ಖಾಸಗಿ ಕಂಪನಿಯ ನಿರೀಕ್ಷೆಯನ್ನು ಊಹಿಸಬೇಕಾಗುತ್ತದೆ. ಸರ್ಕಾರದ ನಿರೀಕ್ಷೆ ಅಚ್ಚಿನಲ್ಲೇ ಇರುತ್ತದೆ. ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಿದವನಿಗೆ ಅರ್ಧ ಕೆಲಸ ಆದಂತೆ.

ಹಿಂದೆ ಎಲ್ಲದಕ್ಕೂ ಉದ್ಯೋಗ ವಿನಿಮಯ ಕೇಂದ್ರವೇ ದಾರಿಯಾಗಿತ್ತು. ಖಾಲಿ ಹುದ್ದೆಗಳನ್ನು ಆ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲಿ ಕಾನೂನಾಯಿತು. ಅಲ್ಲಿಂದ ಹೆಸರು ಬರುವುದನ್ನೇ ಕಾಯುತ್ತ ಯೌವನ ಕಳೆದವರು ನಮ್ಮ ಊರುಗಳಲ್ಲಿ ಇದ್ದಾರೆ. 1996ರಲ್ಲಿ ಸುಪ್ರೀಂ ಕೋರ್ಟು, ಕೇಂದ್ರದಿಂದ ಹೆಸರು ತರಿಸುವುದರ ಜೊತೆಗೆ ಪತ್ರಿಕೆಗಳಲ್ಲೂ ಪ್ರಕಟಿಸಿ ಅರ್ಹರೆಲ್ಲರಿಗೂ ಅವಕಾಶ ಕೊಡಬೇಕೆಂದಿತು. ಈಗಲೂ ನೋಂದಣಿ ಮಾಡಿಸಿ, ಮೂರು ವರ್ಷಕ್ಕೊಮ್ಮೆ ನವೀಕರಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ.

ಈಗ ನಮ್ಮ ಶಾಲೆಯ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. 2021ರ ಡಿಸೆಂಬರ್ ತಿಂಗಳ ಆದೇಶದಂತೆ ತಮಿಳುನಾಡಿನ ಸರ್ಕಾರಿ ನೇಮಕದ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ. ಹತ್ತನೆಯ ತರಗತಿ ಓದಿದವರು ಬರೆಯಬಹುದಾದ ನಾಲ್ಕನೆಯ ಗುಂಪಿನ ಪರೀಕ್ಷೆಯಲ್ಲಿ ತಮಿಳಿಗೆ 150 ಅಂಕ. ಅದರಲ್ಲಿ 60 ಬಾರದಿದ್ದರೆ ಉಳಿದುದು ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಇದಲ್ಲದೆ 2010ರ ಕಾನೂನಿನಂತೆ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 20 ಸ್ಥಾನಗಳಲ್ಲಿ ಆದ್ಯತೆ. ನಮ್ಮ ಮಕ್ಕಳಿಗೆ ಅದು ದೊರೆಯದು.

‘ಹಾಗಾದರೆ ಕನ್ನಡದಲ್ಲಿ ಓದಿಸಿ ಏನು ಪ್ರಯೋಜನ?’ ಎಂದು ಕೆಲವು ತಂದೆತಾಯಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಅದನ್ನು ಮರೆಮಾಚುವುದು ಸರಿಯಲ್ಲ. ನಮ್ಮ ಉತ್ತರ ಇದು. ಮನೆಯ ಮಾತಿನಲ್ಲಿ ಓದಿದ ಮಗು ವಿಷಯವನ್ನು ಬಾಯಿಪಾಠ ಮಾಡದೆ ತಿಳಿದುಕೊಳ್ಳುತ್ತದೆ. ತಿಳಿದುದನ್ನು ಇನ್ನೊಂದು ಭಾಷೆಗೆ ಒಯ್ಯುವುದು ಕಷ್ಟವಲ್ಲ. ತಿಳಿಯದುದನ್ನು ಯಾವ ಭಾಷೆಯಲ್ಲಿಯೂ ಹೇಳಲಾಗದು. ಆದರೆ ಕನ್ನಡದ ಅಭಿಮಾನವು ತಮಿಳನ್ನು ಕಲಿಯದಿರುವುದಕ್ಕೆ ನೆಪವಾಗಬಾರದು. ಬಾಳುವ ನೆಲದ ಭಾಷೆಯನ್ನು ಓದಲು, ಬರೆಯಲು, ಕಚೇರಿಯ ಕಾಗದವನ್ನು ಅರ್ಥಮಾಡಿಕೊಳ್ಳಲು ಬರುವಷ್ಟು ಕಲಿಯಲೇಬೇಕು. ಬೀದಿಯಲ್ಲಿ ಆಡುವ ತಮಿಳು ಪರೀಕ್ಷೆಗೆ ಸಾಲದು.

ಇನ್ನೊಂದು ಬಾಗಿಲೂ ತೆರೆದಿದೆ. ಇದನ್ನು ಬಹಳ ಮಂದಿ ಅರಿತಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹತ್ತನೆಯ ತರಗತಿ ಓದಿದವರಿಗಿರುವ ಬಹುಕಾರ್ಯ ಸಿಬ್ಬಂದಿಯ ಪರೀಕ್ಷೆಯನ್ನು 2023ರಿಂದ ಹಿಂದಿ, ಇಂಗ್ಲಿಷುಗಳಲ್ಲದೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ಬರೆಯಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ 2024ರಿಂದ ಆ ಅನುಕೂಲ ಬಂದಿದೆ. ಎರಡರಲ್ಲಿಯೂ ಕನ್ನಡವಿದೆ. ರೈಲ್ವೆಯ ನೇಮಕದ ಪರೀಕ್ಷೆಗಳಲ್ಲೂ ಕನ್ನಡವನ್ನು ಆರಿಸಿಕೊಳ್ಳಬಹುದು. ಅರ್ಜಿ ತುಂಬುವಾಗ ಭಾಷೆಯ ಅಂಕಣದಲ್ಲಿ ‘ಕನ್ನಡ’ ಎಂದು ಆರಿಸಬೇಕು. ಗಮನಿಸದೆ ಬಿಟ್ಟರೆ ಅವಕಾಶ ಹೋಯಿತು.

ಕಸುಬು ಕಲಿಯಬಯಸುವವರಿಗೆ ಐ.ಟಿ.ಐ.ಗಳಿವೆ. ಸೇಲಂನಲ್ಲಿ 1960ರಿಂದ ನಡೆಯುತ್ತಿರುವ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಿದೆ. ಮಗ್ಗದ ಮನೆಯ ಮಕ್ಕಳಿಗೆ ಅದರ ಬಾಗಿಲು ಅಪರಿಚಿತವಾಗಬಾರದು. 1961ರ ಶಿಶಿಕ್ಷು ಕಾನೂನಿನಡಿ ಕಾರ್ಖಾನೆಯಲ್ಲೇ ಭತ್ಯೆ ಪಡೆಯುತ್ತ ಕಲಿಯುವ ಅವಕಾಶವೂ ಉಂಟು. ಕೈ ಕೆಸರಾದರೆ ಬಾಯಿ ಮೊಸರು. ಆದರೆ ಆ ಕೈಗೆ ಕಸುಬೂ ಇದ್ದರೆ ಮೊಸರಿಗೆ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.

ತಂದೆತಾಯಿಗಳಿಗೆ ಒಂದು ಮಾತು

ಮಕ್ಕಳ ಪರವಾಗಿ ನೀವೇ ಎಲ್ಲವನ್ನೂ ಮಾತನಾಡಬೇಡಿ. ಪ್ರಶ್ನೆ ಕೇಳಲು ಅವರಿಗೇ ಕಲಿಸಿ. ಮನೆಯಲ್ಲಿ ಪ್ರಶ್ನೆ ಕೇಳಿದರೆ ‘ಎದುರು ಮಾತಾಡಬೇಡ’ ಎಂದು ಗದರಿಸಿದ ಮಗು ಮಾಲೀಕನ ಮುಂದೆ ಬಾಯಿ ಬಿಡುವುದೆಂತು? ಹಾಗೆಯೇ, ಸೇರಿದ ಕೆಲಸದಲ್ಲಿ ಮೊದಲ ತಿಂಗಳು ಕಷ್ಟವೆನಿಸಿದ ಕೂಡಲೇ ಊರಿಗೆ ಕರೆಸಿಕೊಳ್ಳಬೇಡಿ. ಕಷ್ಟ ಬೇರೆ, ಅನ್ಯಾಯ ಬೇರೆ. ಕಷ್ಟವನ್ನು ಸಹಿಸಿ ಕಲಿಯಬೇಕು, ಅನ್ಯಾಯವನ್ನು ಸಹಿಸಬಾರದು. ಎರಡರ ವ್ಯತ್ಯಾಸ ತಿಳಿಯದಿದ್ದಾಗ ಶಾಲೆಗೆ ಬನ್ನಿ, ಕೂತು ಮಾತನಾಡೋಣ. ಓದು ಮುಗಿಸಿ ಹೋದವರಿಗೂ ಶಾಲೆಯ ಬಾಗಿಲು ತೆರೆದೇ ಇದೆ. ನಮ್ಮ ಊರುಗಳಲ್ಲಿ ನಾಲ್ಕು ಮಗ್ಗ ಇಟ್ಟು ಇಬ್ಬರಿಗೆ ಕೆಲಸ ಕೊಡುವ ತಂದೆಯರೂ ಇದ್ದೀರಿ. ನಿಮ್ಮ ಮಗನಿಗೆ ಬೇರೆಯವರಿಂದ ಯಾವ ನ್ಯಾಯವನ್ನು ಬಯಸುವಿರೋ ಅದನ್ನೇ ನಿಮ್ಮಲ್ಲಿ ದುಡಿಯುವ ಹುಡುಗನಿಗೂ ಕೊಡಿ.

ಮಕ್ಕಳೇ, ಇಂದು ಕೆಲಸ ಕೇಳಲು ಹೋಗುವ ನಿಮ್ಮಲ್ಲಿ ಕೆಲವರು ನಾಳೆ ಕೆಲಸ ಕೊಡುವ ಕುರ್ಚಿಯಲ್ಲಿ ಕೂರುವಿರಿ. ಹೇಳಿದಂತೆ ಬರುವುದು, ಬಾರದುದನ್ನು ಬಾರದೆನ್ನುವುದು, ಕೊಟ್ಟ ಮಾತನ್ನು ಕಾಗದದಲ್ಲಿ ಇಡುವುದು, ಸಲ್ಲಬೇಕಾದುದನ್ನು ಸಲ್ಲುವ ದಿನವೇ ಸಲ್ಲಿಸುವುದು, ಇವು ಮೇಜಿನ ಎರಡೂ ಕಡೆಯವರಿಗೆ ಒಂದೇ. ನಿಮ್ಮ ಕೈಗೆ ಕೆಲಸ ಸಿಗಲಿ, ಕೆಲಸಕ್ಕೆ ತಕ್ಕ ಕೂಲಿ ಸಿಗಲಿ, ಕೂಲಿಯ ಜೊತೆಗೆ ಮರ್ಯಾದೆಯೂ ಸಿಗಲಿ ಎಂದು ಹಾರೈಸುತ್ತೇವೆ.